ಸೊರಬಕ್ಕೆ ಪತ್ರಿಕೆ ಬರುವ ಹಾದಿ

ದಿನಪತ್ರಿಕೆ ಎಂದಕೂಡಲೇ ನೆನಪಾಗುವುದು ಸಂಪಾದಕರು, ಅಂಕಣಕಾರರು, ಹೆಚ್ಚೆಂದರೆ ಮಾಲೀಕರು. ಅದನ್ನು ಸೊರಬದ ಜಗಲಿಗೆ ತಂದು ಹಾಕುವವರ ಹೆಸರಾಗಲಿ, ಆನವಟ್ಟಿಯ ಸುದ್ದಿ ಬರೆದು ಕಳಿಸುವವರ ಹೆಸರಾಗಲಿ ಪತ್ರಿಕೋದ್ಯಮದ ಚರಿತ್ರೆಯಲ್ಲಿ ಸಿಗುವುದು ಅಪರೂಪ. ಆದರೆ ಪತ್ರಿಕೆ ಬದುಕಿರುವುದು ಏಜೆಂಟರು ಮತ್ತು ತಾಲ್ಲೂಕು ವರದಿಗಾರರಿಂದ.

ಕನ್ನಡದ ಮೊದಲ ಪತ್ರಿಕೆ ‘ಮಂಗಳೂರ ಸಮಾಚಾರ’ ಹೊರಬಂದದ್ದು 1843ರ ಜುಲೈ 1ರಂದು. ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗ್ ಸಂಪಾದಕರು. ಕಲ್ಲಚ್ಚಿನ ಮುದ್ರಣ, ಹದಿನೈದು ದಿನಕ್ಕೊಂದು ಸಂಚಿಕೆ. ಅದರ ನೆನಪಿಗೇ ತಾಲ್ಲೂಕು ತಾಲ್ಲೂಕುಗಳಲ್ಲಿ ಜುಲೈ ತಿಂಗಳು ಪತ್ರಿಕಾ ದಿನಾಚರಣೆ ನಡೆಯುತ್ತದೆ. 1948ರ ಅಕ್ಟೋಬರ್ 15ರಂದು ಕೆ.ಎನ್. ಗುರುಸ್ವಾಮಿ ಬೆಂಗಳೂರಿನಲ್ಲಿ ‘ಪ್ರಜಾವಾಣಿ’ ಆರಂಭಿಸಿದರು. ನಾಟಕಕಾರ, ಕಾದಂಬರಿಕಾರ ಬಿ. ಪುಟ್ಟಸ್ವಾಮಯ್ಯ ಅದರ ಮೊದಲ ಸಂಪಾದಕರು. 1970ರಲ್ಲಿ ಮಣಿಪಾಲದಿಂದ ‘ಉದಯವಾಣಿ’ ಬಂತು. 1999ರಲ್ಲಿ ‘ವಿಜಯ ಕರ್ನಾಟಕ’ ಹೊರತಂದ ವಿಜಯ ಸಂಕೇಶ್ವರ ಲಾರಿ ಸಾರಿಗೆಯಲ್ಲಿ ಹೆಸರು ಮಾಡಿದವರು. ಬೆಳಗಾಗುವುದರೊಳಗೆ ಮುಟ್ಟದಿದ್ದರೆ ಪತ್ರಿಕೆಯೂ ಹಳಸುವ ಸರಕೇ ಎಂದು ಅವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಪತ್ರಿಕೆಯ ರಾತ್ರಿ ಶುರುವಾಗುವುದೇ ದೂರದೂರಿನ ಲೆಕ್ಕದಿಂದ. ಹೆಚ್ಚು ದೂರ ಹೋಗಬೇಕಾದ ಆವೃತ್ತಿಯ ಪುಟಗಳು ಮೊದಲು ಮುಗಿಯಬೇಕು, ಮುದ್ರಣ ಕೇಂದ್ರದ ಸುತ್ತಲಿನ ನಗರದ್ದು ಕೊನೆಗೆ. ತಡರಾತ್ರಿ ಮುಗಿದ ಕ್ರಿಕೆಟ್ ಪಂದ್ಯದ ಫಲಿತಾಂಶ ನಗರದ ಓದುಗರಿಗೆ ಸಿಕ್ಕಿ ಹಳ್ಳಿಯವರಿಗೆ ತಪ್ಪುವುದು ಇದೇ ಕಾರಣಕ್ಕೆ. ಪುಟಗಳು ಪ್ಲೇಟಿಗಿಳಿದು, ಆಫ್‌ಸೆಟ್ ಯಂತ್ರದಿಂದ ಮಡಿಸಿಕೊಂಡೇ ಹೊರಬಿದ್ದ ಪ್ರತಿಗಳನ್ನು ಊರುವಾರು ಎಣಿಸಿ ಬಂಡಲ್ ಕಟ್ಟುತ್ತಾರೆ. ಅಲ್ಲಿಂದ ಮುಂದೆ ವ್ಯಾನು, ಬಸ್ಸುಗಳ ಪಾಲು.

ಬಂಡಲ್ ಇಳಿದ ಮೇಲೆ ಏಜೆಂಟರ ಕೆಲಸ. ಪುರವಣಿಯನ್ನು ಪತ್ರಿಕೆಯೊಳಗೆ ಸೇರಿಸಬೇಕು, ಬೀದಿವಾರು ವಿಂಗಡಿಸಬೇಕು, ಹುಡುಗರ ಸೈಕಲ್ಲು, ಬೈಕುಗಳಿಗೆ ಏರಿಸಬೇಕು. ಮಲೆನಾಡಿನ ಮಳೆಗಾಲದಲ್ಲಿ ಪ್ರತಿಗಳು ನೆನೆಯದಂತೆ ಪ್ಲಾಸ್ಟಿಕ್ ಹೊದಿಸಬೇಕು. ಏಜೆನ್ಸಿಗೆ ಮುಂಗಡ ಠೇವಣಿ ಕಟ್ಟಿರುತ್ತಾರೆ. ಆದಾಯ ಪ್ರತಿಯೊಂದಕ್ಕೆ ಸಿಗುವ ಕಮಿಷನ್ ಮಾತ್ರ. ಹುಡುಗ ಒಂದು ದಿನ ಬಾರದಿದ್ದರೆ ಏಜೆಂಟರೇ ಮನೆಮನೆ ಸುತ್ತಬೇಕು.

ಪತ್ರಿಕೆ ಬರುವ ದಾರಿಯಲ್ಲೇ ಸುದ್ದಿ ವಾಪಸ್ ಹೋಗುತ್ತದೆ. ತಾಲ್ಲೂಕು ವರದಿಗಾರರಲ್ಲಿ ಹೆಚ್ಚಿನವರು ಅರೆಕಾಲಿಕರು. ಸಿಗುವುದು ಗೌರವಧನ, ಹೊಟ್ಟೆಪಾಡಿಗೆ ಅಂಗಡಿಯೋ ತೋಟವೋ ಇರಬೇಕು. ಎಷ್ಟೋ ಊರುಗಳಲ್ಲಿ ಏಜೆಂಟ್, ವರದಿಗಾರ, ಜಾಹೀರಾತು ತರುವವರು ಒಬ್ಬರೇ. ಮೊದಲೆಲ್ಲ ಕವರಿನಲ್ಲಿ ಸುದ್ದಿ ಹಾಕಿ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದರು, ತುರ್ತಿದ್ದರೆ ಟೆಲಿಗ್ರಾಂ. ಆ ಟೆಲಿಗ್ರಾಂ ಸೇವೆ 2013ರ ಜುಲೈನಲ್ಲಿ ನಿಂತಿತು. ಈಗ ಫೋಟೊ ಸಮೇತ ಸುದ್ದಿ ಮೊಬೈಲಿನಿಂದಲೇ ಹೋಗುತ್ತದೆ.

ಇಂಥ ಸುದ್ದಿಗೆ ಎಷ್ಟು ಬಲವಿದೆ ಎಂಬುದನ್ನು ಸೊರಬ ತಾಲ್ಲೂಕು ಕಂಡಿದೆ. 1986ರ ಮಾರ್ಚ್‌ನಲ್ಲಿ ಚಂದ್ರಗುತ್ತಿ ಜಾತ್ರೆಯ ಬೆತ್ತಲೆ ಸೇವೆಯನ್ನು ತಡೆಯಲು ಹೋದ ಕಾರ್ಯಕರ್ತರು ಮತ್ತು ಪೊಲೀಸರ ಮೇಲೆ ಹಲ್ಲೆ ನಡೆಯಿತು. ಪತ್ರಿಕೆಗಳಿಂದ ಅದು ನಾಡಿಗೆಲ್ಲ ತಿಳಿಯಿತು. ಸರ್ಕಾರ ವಿಚಾರಣಾ ಆಯೋಗ ನೇಮಿಸಿತು, ಸೇವೆಗೆ ನಿಷೇಧ ಬಂತು.

ಏಜೆಂಟರ ಮಹತ್ವ ತಿಳಿಯಲು ಜಪಾನಿನತ್ತ ನೋಡಬೇಕು. 1874ರಲ್ಲಿ ಆರಂಭವಾದ ಅಲ್ಲಿನ ‘ಯೊಮಿಯುರಿ’ ಪತ್ರಿಕೆಯ ಪ್ರಸಾರ ಒಂದು ಕಾಲಕ್ಕೆ ದಿನಕ್ಕೆ ಒಂದು ಕೋಟಿ ಪ್ರತಿ ದಾಟಿತ್ತು. ಅದರ ಬೆನ್ನಿಗಿದ್ದದ್ದು ಬಡಾವಣೆಗಳ ವಿತರಣಾ ಅಂಗಡಿಗಳು. ಚಂದಾದಾರರನ್ನು ಹಿಡಿಯುವುದು, ಬೆಳಗಿನ ಮತ್ತು ಸಂಜೆಯ ಆವೃತ್ತಿ ಹಂಚುವುದು, ತಿಂಗಳ ಹಣ ವಸೂಲಿ, ಎಲ್ಲವೂ ಅವುಗಳ ಹೊಣೆ. ಪತ್ರಿಕೆ ಹಾಕುವ ವಿದ್ಯಾರ್ಥಿಗಳ ಕಾಲೇಜು ಶುಲ್ಕ ಭರಿಸುವ ವಿದ್ಯಾರ್ಥಿವೇತನವೂ ಅಲ್ಲಿದೆ. ನಮ್ಮ ಪತ್ರಿಕಾ ಸಂಸ್ಥೆಗಳು ಅಲ್ಲಿಂದ ತರಬೇಕಾದದ್ದು ಇದನ್ನೇ.

ಮೊಬೈಲಿನಲ್ಲಿ ಸುದ್ದಿ ಬಿಟ್ಟಿಯಾಗಿ ಸಿಗುವ ಕಾಲದಲ್ಲಿ ಏಜೆನ್ಸಿ ನಡೆಸುವುದು ಲಾಭದ ಬಾಬತ್ತಲ್ಲ. ಓದುಗರಾಗಿ ನಾವು ಮಾಡಬಹುದಾದದ್ದು ಇಷ್ಟೇ: ತಿಂಗಳ ಬಿಲ್ಲು ಹಿಡಿದು ಬಾಗಿಲಿಗೆ ಬಂದ ಏಜೆಂಟರನ್ನು ‘ನಾಳೆ ಬನ್ನಿ’ ಎಂದು ತಿರುಗಿಸಿ ಕಳಿಸದಿರೋಣ.