ಹೂನೊಣವನ್ನು ಗುರುತಿಸುವ ಕ್ರಮವೂ ಅದರ ಜೋಡಿಗೂಡುವ ರೀತಿಯೂ

ಅವರೆಯ ಕುಡಿಗಳಿಗೆ ಕಪ್ಪು ಹೇನು ಹತ್ತಿದ ಕಾಲದಲ್ಲಿ, ಆ ಹೇನುಗಳ ನಡುವೆ ಕಾಲಿಲ್ಲದೆ ಜಿಗಣೆಯಂತೆ ತೆವಳುವ ಹಸುರು ಇಲ್ಲವೆ ಕಂದುಬಣ್ಣದ ಚಿಕ್ಕ ಹುಳುವು ರೈತರ ಕಣ್ಣಿಗೆ ಬೀಳುವುದುಂಟು. ಇದು ಪೈರಿಗೆ ಬಂದ ಎರಡನೆಯ ಪೀಡೆಯೆಂದು ಭಾವಿಸಿ ಹೊಸಕಿ ಹಾಕುವವರು ಅನೇಕರು. ಇದು ಸರ್ವಥಾ ಕೂಡದು. ಈ ಹುಳುವು ಎಲೆಯನ್ನು ತಿನ್ನುವುದಿಲ್ಲ; ಹೇನನ್ನು ಬಾಯಿಂದ ಹಿಡಿದೆತ್ತಿ, ರಸವನ್ನು ಹೀರಿ, ಸಿಪ್ಪೆಯನ್ನು ಬಿಸುಡುತ್ತದೆ. ಬೆಳೆದು ಕೋಶವಾಗುವುದರೊಳಗೆ ಒಂದೊಂದು ಹುಳುವೂ ನೂರಾರು ಹೇನುಗಳನ್ನು ಮುಗಿಸುವುದು. ಇದರ ತಾಯಿಯೇ ಹೂನೊಣ.

ಹೂನೊಣವನ್ನು ಜೇನೆಂದೋ ಕಣಜವೆಂದೋ ಬಗೆದು ಜನರು ಅಂಜುವರು. ಹೊಟ್ಟೆಯ ಮೇಲಿನ ಹಳದಿ ಕಪ್ಪು ಪಟ್ಟೆಗಳೇ ಈ ಭ್ರಾಂತಿಗೆ ಕಾರಣ. ಹಕ್ಕಿಗಳೂ ಈ ವೇಷಕ್ಕೆ ಮೋಸಹೋಗುವುದುಂಟು. ಆದರೆ ಇದಕ್ಕೆ ಕೊಂಡಿಯಿಲ್ಲ. ಜೇನಿಗೆ ರೆಕ್ಕೆ ನಾಲ್ಕು, ಇದಕ್ಕೆ ಎರಡೇ. ಮೀಸೆಗಳು ಬಹು ಗಿಡ್ಡ. ಕಣ್ಣುಗಳು ತಲೆಯ ಹೆಚ್ಚು ಭಾಗವನ್ನು ಆವರಿಸಿರುವುವು. ದೂರದಿಂದಲೇ ತಿಳಿಯಬೇಕಾದರೆ ಹಾರಾಟವನ್ನು ನೋಡತಕ್ಕದ್ದು: ಗೂಟಕ್ಕೆ ಕಟ್ಟಿದಂತೆ ಗಾಳಿಯಲ್ಲಿ ಒಂದೇ ಕಡೆ ನಿಂತು, ತಟಕ್ಕನೆ ಪಕ್ಕಕ್ಕೆ ಸರಿದು, ಮತ್ತೆ ನಿಲ್ಲುತ್ತದೆ.

ಗಂಡು ಹೆಣ್ಣುಗಳ ಭೇದವು ಕಣ್ಣಿನಲ್ಲಿದೆ. ಬಹುಪಾಲು ಜಾತಿಗಳಲ್ಲಿ ಗಂಡಿನ ಎರಡು ಕಣ್ಣುಗಳೂ ನೆತ್ತಿಯ ಮೇಲೆ ಕೂಡಿಕೊಂಡಿರುತ್ತವೆ. ಹೆಣ್ಣಿನಲ್ಲಿ ನಡುವೆ ತೆರಪಿರುವುದು. ಗಾಳಿಯಿಲ್ಲದ ಬಿಸಿಲಿನ ಬೆಳಗ್ಗೆ, ಬದುವಿನ ಮರದ ಅಂಚಿನಲ್ಲೋ ಹೂಬಿಟ್ಟ ಸಾಲಿನ ಮೇಲೋ ಗಂಡು ತನ್ನ ಠಾವನ್ನು ಹಿಡಿದು ನಿಲ್ಲುವುದು. ಆ ಕಡೆ ಹಾಯ್ದ ಹುಳುವನ್ನು ಅಟ್ಟಿಕೊಂಡು ಹೋಗಿ, ಅದು ತನ್ನ ಜಾತಿಯ ಹೆಣ್ಣಲ್ಲವೆಂದು ಕಂಡರೆ ಮೊದಲಿನ ಠಾವಿಗೇ ಹಿಂದಿರುಗುವುದು. ಕಾಲೆಟ್ ಮತ್ತು ಲ್ಯಾಂಡ್ ಎಂಬ ಶಾಸ್ತ್ರಜ್ಞರು 1978ರಲ್ಲಿ ಪ್ರಕಟಿಸಿದಂತೆ, ಕೆಲವು ಜಾತಿಗಳ ಗಂಡು ಹೆಣ್ಣಿನ ಬೆನ್ನು ಹತ್ತದೆ, ಅದು ಮುಂದೆ ತಲಪಲಿರುವ ಸ್ಥಳಕ್ಕೆ ಅಡ್ಡಲಾಗಿ ಧಾವಿಸುತ್ತದೆ. ಓಡುವ ಕರುವನ್ನು ಅಡ್ಡಗಟ್ಟುವ ದನಗಾಹಿಯ ಯುಕ್ತಿಯೂ ಇದೇ ಅಲ್ಲವೆ! ಬೇರೆ ಕೆಲವು ಜಾತಿಗಳಲ್ಲಿ ಗಂಡು, ಹೂವಿನಲ್ಲಿ ಉಣ್ಣುತ್ತಿರುವ ಹೆಣ್ಣಿನ ನೇರ ಮೇಲೆ ನಿಂತು ಕಾಯುವುದು. ಕೂಡಿದ ಜೋಡಿಯು ಎಲೆಯ ಮೇಲೆ ಕುಳಿತಿರುವುದುಂಟು. ಬಿಡಿಸಿಕೊಳ್ಳದೆ ಒಟ್ಟಿಗೆ ಹಾರುವುದೂ ಉಂಟು.

ಮೊಟ್ಟೆಗಳು ಬಲಿಯಬೇಕಾದರೆ ಹೆಣ್ಣಿಗೆ ಪರಾಗವು ಅವಶ್ಯ. ಆದಕಾರಣ ಹೊಲದ ಅಂಚಿನಲ್ಲಿ ಹುಚ್ಚೆಳ್ಳನ್ನೋ ಕೊತ್ತಂಬರಿಯನ್ನೋ ಒಂದೆರಡು ಸಾಲು ಹೂವಿಗೆ ಬಿಡುವುದು ಲಾಭಕರ. ಬಸುರಾದ ಹೆಣ್ಣು ಹೇನಿನ ಗುಂಪನ್ನು ಹುಡುಕಿ, ಅಕ್ಕಿಯ ನುಚ್ಚಿನಂಥ ಬಿಳಿಯ ಮೊಟ್ಟೆಗಳನ್ನು ಬಿಡಿಬಿಡಿಯಾಗಿ ಇಡುತ್ತದೆ. ಎರಡು ಮೂರು ದಿನಗಳಲ್ಲಿ ಮರಿಗಳು ಹೊರಬರುವುವು. (ಈ ಕುಲದ ಎಲ್ಲಾ ಮರಿಗಳೂ ಹೇನು ತಿನ್ನತಕ್ಕವಲ್ಲ, ಕೊಚ್ಚೆಗುಂಡಿಯಲ್ಲಿ ಬಾಲದಂಥ ಉಸಿರುಗೊಳವೆಯನ್ನು ಚಾಚಿಕೊಂಡಿರುವ ಹುಳುಗಳೂ ಇದೇ ಕುಲದವು.)

ಹೇನಿಗೆ ಔಷಧಿ ಸಿಂಪಡಿಸುವ ಮುನ್ನ ಹೊಲದ ನಾಲ್ಕಾರು ಕಡೆ ಕುಡಿಗಳನ್ನು ತಿರುವಿ ನೋಡತಕ್ಕದ್ದು. ಹೇನುಗಳ ನಡುವೆ ಈ ಮರಿಗಳು ಧಾರಾಳವಾಗಿದ್ದಲ್ಲಿ ಕೆಲವು ದಿನ ತಡೆದು ಮತ್ತೊಮ್ಮೆ ಪರೀಕ್ಷಿಸುವುದು ಮೇಲು. ಗ್ರಾಮದ ಮುಖಂಡರು ಕೂಲಿಯಾಳುಗಳಿಗೆ ಈ ಹುಳುವನ್ನು ಹೊಲದಲ್ಲಿಯೇ ತೋರಿಸಿಕೊಡಬೇಕು. ಎಲೆಗೆ ಅಂಟಿರುವ ನೀರಹನಿಯಾಕಾರದ ಕೋಶಗಳನ್ನೂ ಕೀಳದಂತೆ ಅವರಿಗೆ ಹೇಳತಕ್ಕದ್ದು. ಸುಮಾರು ಒಂದು ವಾರದಲ್ಲಿ ಅವುಗಳಿಂದ ನೊಣಗಳು ಹೊರಡುವುವು.