ಹಳೆಯ ಕ್ರಾಸ್‌ಓವರ್: ಕೊಂಡ ಮೇಲಿನ ಲೆಕ್ಕ

ಮಗಳಿಗೆ ಬೆಂಗಳೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿದೆ. ಮಗ ಮಾಗಡಿಯ ಹೈಸ್ಕೂಲಿಗೆ ಹೋಗುತ್ತಾನೆ. ಮಳೆಯಲ್ಲಿ ಬೈಕಿನ ಪಾಡು ಸಾಕು, ಒಂದು ಕಾರು ಇದ್ದರೆ ಅನುಕೂಲ ಎಂಬ ಮಾತು ಮನೆಯಲ್ಲಿ ಏಳುತ್ತದೆ. ಮಾಗಡಿ ತಾಲ್ಲೂಕಿನ ಕಲ್ಯದಂಥ ಊರಿನಲ್ಲಿ ಈ ಮಾತು ಶುರುವಾದರೆ ಕಣ್ಣು ಹೋಗುವುದು ನೆಲದಿಂದ ತುಸು ಎತ್ತರವಿರುವ, ಜೀಪಿನ ಗತ್ತಿರುವ ‘ಕ್ರಾಸ್‌ಓವರ್’ ಕಡೆಗೆ. ಹೊಸದು ಕೈಗೆಟುಕದು. ಏಳೆಂಟು ವರ್ಷ ಓಡಿದ್ದು ಅದಕ್ಕಿಂತ ಬಹಳ ಕಡಿಮೆಗೆ ಸಿಗುತ್ತದೆ.

ಇಲ್ಲೇ ಎಚ್ಚರ ಬೇಕು. ಕಾರಿಗೆ ಹಾಕುವ ಹಣ ಎಷ್ಟೋ ಮನೆಗಳಲ್ಲಿ ಮಕ್ಕಳ ಓದಿಗೆಂದು ಕೂಡಿಟ್ಟದ್ದೇ ಆಗಿರುತ್ತದೆ. ಕೊಳ್ಳುವ ಬೆಲೆಯನ್ನು ಎಲ್ಲರೂ ಚೌಕಾಸಿ ಮಾಡುತ್ತಾರೆ. ಸಾಕುವ ಬೆಲೆಯನ್ನು ಕೇಳುವವರು ಕಡಿಮೆ.

ಜೀಪಲ್ಲ, ಎತ್ತರದ ಕಾರು

ಕ್ರಾಸ್‌ಓವರ್ ಎಂದರೇನು? ಉದಾಹರಣೆಗೆ ದೂರ ಹೋಗಬೇಕಿಲ್ಲ. ಬಿಡದಿಯ ಟೊಯೋಟಾ ಕಾರ್ಖಾನೆಯಿಂದ 2000ನೇ ಇಸವಿಯಲ್ಲಿ ಹೊರಬಂದ ಕ್ವಾಲಿಸ್‌ಗೆ ಲಾರಿಯಂತೆ ಬೇರೆಯೇ ಉಕ್ಕಿನ ಚಾಸಿ ಇತ್ತು. ಅದೇ ಕಾರ್ಖಾನೆಯ, 2022ರ ಕೊನೆಯಲ್ಲಿ ಅನಾವರಣಗೊಂಡ ಇನ್ನೋವಾ ಹೈಕ್ರಾಸ್‌ಗೆ ಅದಿಲ್ಲ. ಅದರ ಮೈಯೇ ಚಾಸಿ. ಇದನ್ನು ‘ಮೊನೊಕಾಕ್’ ಎನ್ನುತ್ತಾರೆ. 2012ರ ಡಸ್ಟರ್, 2013ರ ಇಕೋಸ್ಪೋರ್ಟ್, 2015ರ ಕ್ರೆಟಾ, 2016ರ ವಿಟಾರಾ ಬ್ರೆಝಾ, ಎಲ್ಲವೂ ಇದೇ ಬಗೆಯವು. ಇವುಗಳಲ್ಲಿ ಹೆಚ್ಚಿನವಕ್ಕೆ ಎಂಜಿನ್ನಿನ ಶಕ್ತಿ ಹೋಗುವುದು ಮುಂದಿನ ಎರಡು ಚಕ್ರಗಳಿಗೆ ಮಾತ್ರ. ಅಂದರೆ ಇದು ಎತ್ತರಿಸಿದ ಕಾರು, ಗದ್ದೆಗಿಳಿಸುವ ಜೀಪಲ್ಲ.

ಸವೆಯುವುದು ಎಲ್ಲಿ?

ಮೊದಲು ಕೆಡುವುದು ಸಸ್ಪೆನ್ಷನ್. ತೂಕದ ಮೈ, ದೊಡ್ಡ ಚಕ್ರ, ಹಳ್ಳಿಯ ರಸ್ತೆ ಮೂರೂ ಸೇರಿದಾಗ ಲಿಂಕ್ ರಾಡ್, ಲೋಯರ್ ಆರ್ಮ್‌ನ ರಬ್ಬರ್ ಬುಷ್‌ಗಳು ಸವೆಯುತ್ತವೆ. ರಸ್ತೆಯ ಉಬ್ಬನ್ನು ನಿಧಾನವಾಗಿ ದಾಟಿಸಿ ನೋಡಿ. ‘ಟಕ್ ಟಕ್’ ಸದ್ದು ಕೇಳಿದರೆ ಖರ್ಚು ಕಾದಿದೆ ಎಂದು ಅರ್ಥ. ಟೈರು ಒಂದೇ ಅಂಚಿನಲ್ಲಿ ಸವೆದಿದ್ದರೂ ಅನುಮಾನಿಸಿ.

ಎರಡನೆಯದು ಕ್ಲಚ್. ಹಲವು ಡೀಸೆಲ್ ಕಾರುಗಳಲ್ಲಿ ನಡುಕ ತಗ್ಗಿಸಲು ಎರಡು ಪದರದ ಫ್ಲೈವೀಲ್ ಇರುತ್ತದೆ. ಕ್ಲಚ್ ಜೊತೆಗೆ ಅದೂ ಹೋದರೆ ಬಿಲ್ಲು ಹಲವು ಪಟ್ಟು ಏರುತ್ತದೆ. ಆಟೋಮ್ಯಾಟಿಕ್ ಕಾರಾದರೆ ಹೊರಡುವಾಗ ಜರ್ಕ್ ಇದೆಯೇ ನೋಡಿ. ಎಣ್ಣೆಯಿಲ್ಲದ ಜೋಡಿ ಕ್ಲಚ್ಚಿನ ಗೇರುಪೆಟ್ಟಿಗೆಗಳು ನಗರದ ನಿಂತು ಹೊರಡುವ ಸಂಚಾರದಲ್ಲಿ ಬಹಳ ಬಿಸಿಯಾಗುತ್ತವೆ.

ಮೂರನೆಯದು ಟೈಮಿಂಗ್ ಬೆಲ್ಟ್. ಕೆಲವು ಎಂಜಿನ್ನುಗಳಲ್ಲಿ ಸರಪಳಿ, ಕೆಲವದರಲ್ಲಿ ರಬ್ಬರ್ ಬೆಲ್ಟ್. ಬೆಲ್ಟ್ ತುಂಡಾದರೆ ಪಿಸ್ಟನ್ನು ವಾಲ್ವಿಗೆ ಬಡಿದು ಎಂಜಿನ್ನೇ ಹಾಳಾಗಬಹುದು. ಎಷ್ಟು ಕಿ.ಮೀ.ಗೆ ಬದಲಿಸಬೇಕು ಎಂಬುದು ಕಾರಿನ ಕೈಪಿಡಿಯಲ್ಲಿರುತ್ತದೆ. ಬದಲಿಸಿದ್ದರೆ ಬಿಲ್ಲು ತೋರಿಸಲಿ. ಬಿಲ್ಲಿಲ್ಲದಿದ್ದರೆ ಬದಲಿಸಿಲ್ಲ ಎಂದೇ ತಿಳಿದು ಬೆಲೆ ಇಳಿಸಿ.

ಡೀಸೆಲ್ ಕಾರು, ಶಾಲೆಯ ಓಡಾಟ

2020ರ ಏಪ್ರಿಲ್‌ನಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಮಸಿ ಹಿಡಿಯುವ ಶೋಧಕ, ಅಂದರೆ ಡಿ.ಪಿ.ಎಫ್., ಕುಳಿತಿದೆ. ಹಿಡಿದ ಮಸಿಯನ್ನು ಅದು ಸುಮಾರು 600 ಡಿಗ್ರಿ ಸೆಲ್ಸಿಯಸ್ ಬಿಸಿಯಲ್ಲಿ ಸುಟ್ಟುಕೊಳ್ಳಬೇಕು. ಅದಕ್ಕೆ ಕಾರು ಒಂದಷ್ಟು ಹೊತ್ತು ಒಂದೇ ವೇಗದಲ್ಲಿ ಓಡಬೇಕು. ಕಲ್ಯದಿಂದ ಮಾಗಡಿಗೆ ಮಗನನ್ನು ಬಿಟ್ಟು ವಾಪಸಾಗುವ ಕಾರಿಗೆ ಆ ಅವಕಾಶವೇ ಸಿಗುವುದಿಲ್ಲ. ಮಸಿ ಕಟ್ಟುತ್ತದೆ, ದೀಪ ಹತ್ತುತ್ತದೆ. ಅರ್ಧಕ್ಕೇ ನಿಂತ ಸುಡುವಿಕೆಯಿಂದ ಡೀಸೆಲ್ ಎಂಜಿನ್ ಆಯಿಲ್‌ಗೆ ಬೆರೆಯುವುದೂ ಉಂಟು. ದಿನವೂ ಹತ್ತಿಪ್ಪತ್ತು ಕಿ.ಮೀ. ಮಾತ್ರ ಓಡಿಸುವವರಿಗೆ ಪೆಟ್ರೋಲ್ ಕಾರೇ ಹಿತ. ಮೈಲೇಜಿನ ಆಸೆಗೆ ಡೀಸೆಲ್ ಕೊಂಡವರು ಉಳಿಸಿದ್ದನ್ನು ಗ್ಯಾರೇಜಿಗೆ ಕೊಟ್ಟಾರು.

ನೀರು ಕುಡಿದ ಕಾರು

2022ರ ಆಗಸ್ಟ್ ಕೊನೆಯ ಮಳೆಗೆ ರಾಮನಗರದ ಬಳಿ ಬೆಂಗಳೂರು-ಮೈಸೂರು ಹೆದ್ದಾರಿಯೇ ಕೆರೆಯಾಗಿ ಕಾರುಗಳು ನೀರಿನಲ್ಲಿ ನಿಂತವು. ಮರುವಾರವೇ ಬೆಂಗಳೂರಿನ ಹೊರವರ್ತುಲ ರಸ್ತೆಯ ಬಡಾವಣೆಗಳೂ ಮುಳುಗಿದವು. ಮುಳುಗಿದ ಕಾರು ತೊಳೆದು ಒರೆಸಿದರೆ ಹೊರಗೆ ಹೊಸದರಂತೆ ಹೊಳೆಯುತ್ತದೆ. ಒಳಗೆ ವೈರಿಂಗ್ ನಿಧಾನವಾಗಿ ತುಕ್ಕು ಹಿಡಿಯುತ್ತದೆ. ಸೀಟ್ ಬೆಲ್ಟನ್ನು ಪೂರ್ತಿ ಎಳೆದು ಕೆಸರಿನ ಗೆರೆ ಇದೆಯೇ ನೋಡಿ. ಕಾರ್ಪೆಟ್ ಎತ್ತಿ ಮೂಸಿ ನೋಡಿ. ಸ್ಟೆಪ್ನಿಯ ಗುಂಡಿ, ಸೀಟಿನ ಬೋಲ್ಟುಗಳ ತುಕ್ಕು ಸುಳ್ಳು ಹೇಳುವುದಿಲ್ಲ.

ಮಕ್ಕಳೇ, ಲೆಕ್ಕ ಮಾಡಿ

ಒಂದು ಕಲ್ಪಿತ ಲೆಕ್ಕ. 6 ಲಕ್ಷಕ್ಕೆ ಪೆಟ್ರೋಲ್ ಕಾರು ಕೊಂಡು ನಾಲ್ಕು ವರ್ಷದ ನಂತರ 3.6 ಲಕ್ಷಕ್ಕೆ ಮಾರಿದಿರಿ ಎನ್ನಿ. ವರ್ಷಕ್ಕೆ ಬೆಲೆಯಿಳಿತ 60,000 ರೂ. ವಿಮೆ 15,000, ಸರ್ವೀಸು 15,000. ವರ್ಷಕ್ಕೆ 6,000 ಕಿ.ಮೀ. ಓಟ, ಲೀಟರಿಗೆ 12 ಕಿ.ಮೀ., ಲೀಟರಿಗೆ 100 ರೂ. ಹಿಡಿದರೆ ಪೆಟ್ರೋಲು 50,000. ನಾಲ್ಕು ಟೈರಿಗೆ 28,000, ಬಾಳಿಕೆ 40,000 ಕಿ.ಮೀ. ಆದರೆ ವರ್ಷದ ಪಾಲು 4,200. ಒಟ್ಟು 1,44,200 ರೂ. ಕಿ.ಮೀ.ಗೆ 24 ರೂ.! ನಡುವೆ ಒಮ್ಮೆ 48,000 ರೂ. ರಿಪೇರಿ ಬಂದರೆ ಇನ್ನೂ 2 ರೂ. ಸೇರಿಸಿ. ಪೆಟ್ರೋಲಿನ ಖರ್ಚು ಒಟ್ಟಿನಲ್ಲಿ ಮೂರನೇ ಒಂದು ಪಾಲು ಮಾತ್ರ ಎಂಬುದನ್ನು ಗಮನಿಸಿ.

ಎಂಜಿನ್ನಿನ ಅಳತೆಯನ್ನೂ ನೋಡಿ. 2022ರ ಜೂನ್‌ನಲ್ಲಿ ಜಾರಿಗೆ ಬಂದ ದರದಂತೆ 1,000 ಸಿ.ಸಿ. ದಾಟಿದ, 1,500 ಸಿ.ಸಿ.ವರೆಗಿನ ಕಾರಿಗೆ ಥರ್ಡ್ ಪಾರ್ಟಿ ವಿಮೆಯ ಮೂಲದರ 3,416 ರೂ.; ಅದು ದಾಟಿದರೆ 7,897 ರೂ. ಹಳೆಯ ಕ್ರೆಟಾದ 1.6 ಲೀಟರ್ ಡೀಸೆಲ್ ಎಂಜಿನ್ 1,582 ಸಿ.ಸಿ. ಆದ್ದರಿಂದ ಎರಡನೆಯ ಸಾಲಿಗೆ ಸೇರುತ್ತದೆ.

ಬರೆದದ್ದೇ ಗಟ್ಟಿ

ಕಲ್ಯದಲ್ಲಿ 1368ರ ಶಾಸನವೊಂದಿದೆ. ಜೈನರಿಗೂ ಶ್ರೀವೈಷ್ಣವರಿಗೂ ಬುಕ್ಕರಾಯ ಮಾಡಿಸಿದ ಒಪ್ಪಂದ ಅದರಲ್ಲಿದೆ. ಅರಸನ ಮಾತನ್ನೇ ಕಲ್ಲಿನಲ್ಲಿ ಬರೆಸಿಟ್ಟರು; ಕಾರಿನ ವ್ಯವಹಾರವನ್ನು ನಾವು ಬಾಯಿಮಾತಿಗೆ ಬಿಡುವುದೇ? ಫಾರಂ 29 ಮತ್ತು 30ಕ್ಕೆ ಸಹಿಯಾಗಿ ಆರ್.ಸಿ. ನಿಮ್ಮ ಹೆಸರಿಗೆ ಬರಲೇಬೇಕು. ಸಾಲವಿದ್ದರೆ ಅದು ತೀರಿದ ಪತ್ರವೂ ಬೇಕು. ವಿಮೆಯನ್ನು 14 ದಿನದೊಳಗೆ ನಿಮ್ಮ ಹೆಸರಿಗೆ ಬದಲಿಸಲು ಅರ್ಜಿ ಹಾಕಿ. ಮಾರಿದವರೂ ಸುಮ್ಮನಿರುವಂತಿಲ್ಲ. ಹಲವು ಕೈ ದಾಟಿದ ಕಾರೊಂದರ ಅಪಘಾತದಲ್ಲಿ, ಆರ್.ಸಿ.ಯಲ್ಲಿ ಹೆಸರಿದ್ದವರೇ ಪರಿಹಾರಕ್ಕೆ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿತು.

ತಂದೆತಾಯಿಗಳಿಗೆ ಇನ್ನೊಂದು ಮಾತು. ಹದಿನೆಂಟು ತುಂಬದ ಮಗನ ಕೈಗೆ ಕೀಲಿ ಕೊಡಬೇಡಿ. 2019ರ ತಿದ್ದುಪಡಿಯಂತೆ ಬಾಲಕ ಅಪರಾಧ ಮಾಡಿದರೆ ಪೋಷಕರಿಗೆ ಮೂರು ವರ್ಷದವರೆಗೆ ಸೆರೆ, 25,000 ರೂ. ದಂಡ, ಅವನಿಗೆ 25 ವರ್ಷದವರೆಗೆ ಲೈಸೆನ್ಸ್ ಇಲ್ಲ.

ಮುಂಗಡ ಕೊಡುವ ಮೊದಲು ನಿಮಗೆ ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕರೆದೊಯ್ದು ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿಸಿ. ಅವರಿಗೆ ಕೊಡುವ ಕೂಲಿ ದಂಡವಲ್ಲ. ನೋಟ್‌ಬುಕ್ ಹಿಡಿದು ಮಗಳೂ ಜೊತೆಗೆ ಬರಲಿ. ಲೆಕ್ಕ ಹೊಂದದಿದ್ದರೆ ಬಸ್ಸಿನಲ್ಲೇ ವಾಪಸು ಬನ್ನಿ. ಕಾಲೇಜಿನ ಫೀಸು ಭದ್ರವಾಗಿರುತ್ತದೆ.