ವಿಜ್ಞಾನದ ಹೊಸ್ತಿಲಲ್ಲಿ
ನಮ್ಮ ರಾಜ್ಯದ ಪ್ರೌಢಶಾಲೆಗಳಲ್ಲಿ ವಿಜ್ಞಾನವೆಂಬುದು ಒಂದೇ ವಿಷಯ. ಅದನ್ನು ಎಲ್ಲರೂ ಓದುತ್ತಾರೆ. ಪದವಿಪೂರ್ವ ತರಗತಿಗೆ ಕಾಲಿಟ್ಟೊಡನೆ ಅದು ಕವಲೊಡೆಯುತ್ತದೆ. 2 ಭಾಷೆಗಳ ಜೊತೆಗೆ 4 ಐಚ್ಛಿಕ ವಿಷಯಗಳು. ಸಾಮಾನ್ಯವಾಗಿ ಭೌತಶಾಸ್ತ್ರ, ರಸಾಯನಶಾಸ್ತ್ರ, ಗಣಿತಗಳೊಡನೆ ಜೀವಶಾಸ್ತ್ರವನ್ನೋ ಗಣಕವಿಜ್ಞಾನವನ್ನೋ ಎಲೆಕ್ಟ್ರಾನಿಕ್ಸನ್ನೋ ಸಂಖ್ಯಾಶಾಸ್ತ್ರವನ್ನೋ ಆರಿಸಿಕೊಳ್ಳುತ್ತಾರೆ. ವೈದ್ಯಶಿಕ್ಷಣಕ್ಕೆ ಜೀವಶಾಸ್ತ್ರ ಬೇಕು, ಎಂಜಿನಿಯರಿಂಗಿಗೆ ಗಣಿತ. ಹದಿನಾರರ ವಯಸ್ಸಿನ ಈ ಆಯ್ಕೆಯನ್ನು ಯೋಚಿಸಿಯೇ ಮಾಡಬೇಕು.

ಕನ್ನಡ ಮಾಧ್ಯಮದಿಂದ ಬಂದ ಮಕ್ಕಳಿಗೆ ಎದುರಾಗುವ ಮೊದಲ ತೊಡಕು ಮಾತಿನದು. ನಿನ್ನೆಯವರೆಗಿನ ‘ದ್ಯುತಿಸಂಶ್ಲೇಷಣೆ’ ಇಂದು ‘ಫೋಟೋಸಿಂಥೆಸಿಸ್’, ‘ವೇಗೋತ್ಕರ್ಷ’ವು ‘ಆಕ್ಸಿಲರೇಷನ್’. ಅರ್ಥ ತಿಳಿದ ಹುಡುಗನೂ ಹೆಸರು ತಿಳಿಯದೆ ಹಿಂದಿನ ಬೆಂಚಿಗೆ ಸರಿಯುತ್ತಾನೆ. ಭಾಷೆಯನ್ನು ಕಲಿಸಿದವನಾಗಿ ನನ್ನ ಬಿನ್ನಹವಿಷ್ಟೆ: ಬೇಸಿಗೆಯ ರಜೆಯಲ್ಲಿಯೇ ಎರಡೂ ಹೆಸರುಗಳನ್ನು ಅಕ್ಕಪಕ್ಕದಲ್ಲಿ ಬರೆದುಕೊಂಡ ಒಂದು ಟಿಪ್ಪಣಿ ಪುಸ್ತಕ ಅವನ ಕೈಯಲ್ಲಿರಲಿ. ಪದಕ್ಕೆ ಹೆದರಿ ಯಾರೂ ವಿಜ್ಞಾನವನ್ನು ಬಿಡಬಾರದು.